ಲಗ್ಗೆರೆ ಟ್ಯೂನಾ ಮೀಮಾಂಸೆ: ನವಸಾಧಕರಿಗೆ ಪ್ರಥಮೋಪದೇಶ

ಯಾವ ಶಾಸ್ತ್ರವನ್ನು ಬರೆಯಹೊರಟರೂ ಅಧಿಕಾರಿ, ವಿಷಯ, ಸಂಬಂಧ, ಪ್ರಯೋಜನ ಎಂಬ ನಾಲ್ಕು ಅನುಬಂಧಗಳನ್ನು ಮೊದಲೇ ಹೇಳಬೇಕೆಂಬುದು ಪೂರ್ವಾಚಾರ್ಯರ ಕಟ್ಟಳೆ. ಇಲ್ಲಿ ಅಧಿಕಾರಿ ಎಂದರೆ ಬೆಂಗಳೂರಿನ ಲಗ್ಗೆರೆಯಲ್ಲಿ ಎರಡನೇ ಮಹಡಿಯ ಲೀಸ್ ಮನೆಯಲ್ಲಿದ್ದು, ಮೀನು ಹಿಡಿಯುವ ವಿಡಿಯೊ ನೋಡಿ ನೋಡಿ ನಿದ್ದೆಗೆಟ್ಟವರು. ವಿಷಯ, ಆಳಸಮುದ್ರದ ಟ್ಯೂನಾ. ಕರಾವಳಿಯವರ ಬಾಯಲ್ಲಿ ಕೇದರ. ಪ್ರಯೋಜನ, ಸಾರು. ಸಂಬಂಧ ಮಾತ್ರ ತಕ್ಷಣಕ್ಕೆ ಕಾಣುತ್ತಿಲ್ಲ. ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಮೇಲಿದೆ.

ಈ ಸಂಬಂಧವನ್ನು ಸ್ಥಾಪಿಸುವಲ್ಲಿ ಎರಡು ಪಂಥಗಳಿವೆ. ಕಾಲುವೆ ಪಂಥದವರ ಪ್ರಕಾರ ನಮ್ಮ ರಾಜಕಾಲುವೆಯ ನೀರು ವೃಷಭಾವತಿಗೆ, ವೃಷಭಾವತಿ ಅರ್ಕಾವತಿಗೆ, ಅರ್ಕಾವತಿ ಸಂಗಮದಲ್ಲಿ ಕಾವೇರಿಗೆ ಸೇರಿ ಬಂಗಾಳಕೊಲ್ಲಿ ಮುಟ್ಟುವುದರಿಂದ ಲಗ್ಗೆರೆಯವರ ಸಮುದ್ರ ಪೂರ್ವದಿಕ್ಕಿನದು. ವಾದ ನಿರ್ದುಷ್ಟವಾದರೂ ಆ ಮಾರ್ಗಕ್ಕೆ ಮೂಗು ಒಪ್ಪುವುದಿಲ್ಲ. ಘಾಟಿ ಪಂಥದವರು ತುಮಕೂರು ರಸ್ತೆ ಹಿಡಿದು ನೆಲಮಂಗಲ, ಹಾಸನ, ಸಕಲೇಶಪುರ ದಾಟಿ ಶಿರಾಡಿ ಇಳಿಯಿರಿ, ಬೆಳಗಾಗುವುದರೊಳಗೆ ಕಡಲು ಎನ್ನುತ್ತಾರೆ. ರಾತ್ರಿ ಬಸ್ಸಿರುವ ಕಾರಣ ಪ್ರಸ್ತುತ ಲೇಖಕರು ಎರಡನೆಯ ಪಂಥಕ್ಕೆ ಸೇರಿದವರು.

ಇಲ್ಲೊಂದು ಪೂರ್ವಪಕ್ಷ: ಮಳೆ ಬಂದರೆ ರಿಂಗ್ ರೋಡೇ ಸಮುದ್ರವಾಗುವಾಗ ಕರಾವಳಿಯ ಮಲ್ಪೆಯವರೆಗೆ ಏಕೆ ಹೋಗಬೇಕು? ಖಂಡಿಸುತ್ತೇವೆ. ಟ್ಯೂನಾ ಬಾಯಿ ತೆರೆದು ಸದಾ ಮುಂದಕ್ಕೆ ಈಜುತ್ತಿದ್ದರಷ್ಟೇ ಕಿವಿರುಗಳ ಮೇಲೆ ನೀರು ಹರಿದು ಅದಕ್ಕೆ ಉಸಿರು ಸಿಗುತ್ತದೆ. ನಿಂತರೆ ಸತ್ತಂತೆ. ಸಂಜೆ ಹೊತ್ತು ಲಗ್ಗೆರೆ ಬ್ರಿಡ್ಜ್ ಬಳಿ ಯಾವ ವಸ್ತುವೂ ಮುಂದಕ್ಕೆ ಚಲಿಸುವುದಿಲ್ಲ. ಆದ್ದರಿಂದ ಅಲ್ಲಿ ಟ್ಯೂನಾ ಇಲ್ಲ. ಇತಿ ಸಿದ್ಧಮ್.

ಇನ್ನು ಅನುಮಾನ ಪ್ರಮಾಣ. ನಡುಗಡಲಲ್ಲಿ ಹಕ್ಕಿಗಳು ಒಂದೇ ಕಡೆ ಎರಗುತ್ತಿದ್ದರೆ, ಕೆಳಗಿನಿಂದ ಟ್ಯೂನಾ ಹಿಂಡು ಸಣ್ಣ ಮೀನುಗಳನ್ನು ಮೇಲಕ್ಕೆ ಅಟ್ಟುತ್ತಿದೆ ಎಂದು ಊಹಿಸಬಹುದು. ತೇಲುವ ಮರದ ದಿಮ್ಮಿಯೂ ಒಳ್ಳೆಯ ಲಿಂಗವೇ, ಎಂದರೆ ಗುರುತೇ; ಅದರಡಿ ಟ್ಯೂನಾ ನೆರೆಯುತ್ತದೆ. ಆದರೆ ಎಲ್ಲೆಲ್ಲಿ ಹಕ್ಕಿಯೋ ಅಲ್ಲಲ್ಲಿ ಟ್ಯೂನಾ ಎಂದು ವ್ಯಾಪ್ತಿ ಹೇಳಿದರೆ ಸವ್ಯಭಿಚಾರ ದೋಷ ತಗಲುತ್ತದೆ. ದೃಷ್ಟಾಂತ: ನಮ್ಮ ಬೀದಿಯ ಚಿಕನ್ ಅಂಗಡಿ ಮೇಲಿನ ಹದ್ದುಗಳು.

ಗಾಳದ ವಿಚಾರಕ್ಕೆ ಬಂದರೆ, ಹಳದಿ ರೆಕ್ಕೆಯ ಟ್ಯೂನಾ ನೂರು ಕೆ.ಜಿ. ದಾಟಿ ಬೆಳೆಯಬಲ್ಲದು. ದಾರವನ್ನು ಕೈಗೆ ಸುತ್ತಿಕೊಳ್ಳಬೇಡಿ. ಇದರಲ್ಲಿ ಪಂಥಭೇದವಿಲ್ಲ, ಬೆರಳುಗಳ ಪ್ರಶ್ನೆ. ಲಕ್ಷದ್ವೀಪದ ಮಿನಿಕಾಯ್‌ನವರು ಜೀವಂತ ಸಣ್ಣ ಮೀನು ಎರಚಿ, ಕಡಲಿಗೆ ನೀರು ಚಿಮ್ಮಿಸಿ, ಕೊಕ್ಕೆಮುಳ್ಳಿಲ್ಲದ ಗಾಳದ ಕೋಲಿನಿಂದ ಒಂದರ ಹಿಂದೊಂದು ಟ್ಯೂನಾ ಎತ್ತಿ ದೋಣಿಗೆ ಹಾಕುತ್ತಾರೆ. ಅವರಿಗೆ ಈ ಪ್ರಬಂಧ ತೋರಿಸಬೇಡಿ.

ಶಾಸ್ತ್ರದ ಹೃದಯವಿರುವುದು ಐಸಿನಲ್ಲಿ. ಬಹುತೇಕ ಮೀನುಗಳಂತಲ್ಲದೆ ಟ್ಯೂನಾ ತನ್ನ ಸ್ನಾಯುಗಳಲ್ಲಿ ಹುಟ್ಟಿದ ಶಾಖವನ್ನು ಮೈಯೊಳಗೇ ಉಳಿಸಿಕೊಳ್ಳುತ್ತದೆ. ಗಾಳದಲ್ಲಿ ಸೆಣಸಿದಷ್ಟೂ ಮಾಂಸ ಬಿಸಿಯಾಗುತ್ತದೆ. ಹಿಡಿದ ಕೂಡಲೇ ರಕ್ತ ಹರಿಸಿ ಐಸಿನಲ್ಲಿ ಹುಗಿಯದಿದ್ದರೆ ಹಿಸ್ಟಮಿನ್ ಹುಟ್ಟುತ್ತದೆ. ಮುಖ ಕೆಂಪೇರುವುದು, ತಲೆನೋವು, ತುರಿಕೆ ಅದರ ಫಲ. ಒಮ್ಮೆ ಹುಟ್ಟಿದ ಹಿಸ್ಟಮಿನ್ ಎಷ್ಟು ಹುಣಸೆಹುಳಿ ಹಾಕಿ ಕುದಿಸಿದರೂ ಹೋಗದು. ಮಲ್ಪೆಯ ಆಳಸಮುದ್ರ ಬೋಟುಗಳು ಡೀಸೆಲ್ ಜೊತೆ ಐಸನ್ನೂ ಹೇರಿಕೊಂಡೇ ಹೊರಡುವುದು ಸುಮ್ಮನಲ್ಲ. ಐಸ್ ಪೆಟ್ಟಿಗೆ ಹೊತ್ತು ಮನೆ ಮೆಟ್ಟಿಲು ಹತ್ತುವಾಗ ಓನರ್ ಆಂಟಿ "ಏನಪ್ಪಾ, ಬಂಗುಡೆನಾ?" ಎಂದೇ ಕೇಳುತ್ತಾರೆ. ಹೌದು ಎನ್ನಿ. ಟ್ಯೂನಾ ಎಂದರೆ ಲೀಸ್ ಮೊತ್ತ ಏರುವ ಸಂಭವವಿದೆ.

ಬೋಟಿನಲ್ಲಿ ಅದನ್ನು ನಡೆಸುವ ತಾಂಡೇಲನ ಮಾತೇ ಪ್ರಮಾಣ. ಉಳಿದ ಪ್ರಮಾಣಗಳೆಲ್ಲ ವಾಂತಿಯಾಗುವವರೆಗೆ. ಲೈಫ್ ಜಾಕೆಟ್ ತೊಡಿ, ಕರಾವಳಿ ಕಾವಲು ಪಡೆಯ ಸಹಾಯವಾಣಿ 1554 ನೆನಪಿರಲಿ. ಜೂನ್ 1ರಿಂದ ಜುಲೈ 31ರವರೆಗೆ ನಮ್ಮ ಕರಾವಳಿಯಲ್ಲಿ ಯಾಂತ್ರಿಕ ಮೀನುಗಾರಿಕೆಗೆ ನಿಷೇಧವಿದೆ. ಆ ಎರಡು ತಿಂಗಳು ಬಸ್ ಟಿಕೆಟ್ ಮಾಡಿಸಬೇಡಿ.