ಎಳೆಯುವ ಕಾರಿನ ನ್ಯಾಯ

ಕಾರು ಒಂದು ಕಡೆಗೆ ಎಳೆಯುತ್ತದೆ ಎಂದು ಬಾಯಿ ತಪ್ಪಿ ಹೇಳಿ ನೋಡಿ. ಸುತ್ತಲಿನವರೆಲ್ಲ ಮೆಕ್ಯಾನಿಕ್ಕುಗಳಾಗಿಬಿಡುತ್ತಾರೆ. ಪಕ್ಕದ ಮನೆಯ ರಾಯರು ‘ಅಲೈನ್‌ಮೆಂಟ್ ಮಾಡಿಸಿ’ ಎನ್ನುತ್ತಾರೆ; ಹಾರ್ನ್ ಕೆಟ್ಟರೂ ಅವರು ಹೇಳುವುದು ಅದನ್ನೇ. ಭಾವನವರು ಟೈರಿನ ಗಾಳಿಯನ್ನು ದೂರುತ್ತಾರೆ. ಅಮ್ಮನಂತೂ ‘ಆ ಕಡೆ ಹೋಟ್ಲೇನಾದ್ರೂ ಇತ್ತೇನೋ?’ ಎಂದು ಕೇಳುತ್ತಾಳೆ.

ಯಾರ ಮಾತೂ ಪೂರ್ತಿ ಸುಳ್ಳಲ್ಲ. ಮಳೆನೀರು ಹರಿದುಹೋಗಲೆಂದು ನಮ್ಮ ರಸ್ತೆಗಳು ನಡುವೆ ಉಬ್ಬಿ ಅಂಚಿಗೆ ಇಳಿಜಾರಾಗಿರುತ್ತವೆ. ಎಡಬದಿಯಲ್ಲಿ ಓಡಿಸುವ ನಮ್ಮಲ್ಲಿ ಗಟ್ಟಿಮುಟ್ಟಾದ ಕಾರೂ ತುಸು ಎಡಕ್ಕೆ ಸರಿಯುವುದೇ. ಹಾಗಾಗಿ ಮೊದಲು ನೋಡಬೇಕಾದದ್ದು ಎಳೆಯುವುದು ಯಾವಾಗ ಎಂಬುದನ್ನು. ಯಾವಾಗಲೂ ಎಳೆದರೆ ಗಾಳಿ, ಟೈರು, ರಾಯರ ಅಲೈನ್‌ಮೆಂಟು. ಬ್ರೇಕ್ ಹಾಕಿದಾಗ ಮಾತ್ರ ಎಳೆದರೆ ಅನುಮಾನ ಬ್ರೇಕಿನ ಮೇಲೆ.

‘ಎಡಕ್ಕೆ ಎಳೀತಿದ್ಯಾ? ಹಾಗಾದ್ರೆ ಬಲಗಡೆ ಬಿಚ್ಚೋಣ ಸಾರ್’ ಎಂದ ಗ್ಯಾರೇಜಿನವನು. ಜೋಡೆತ್ತಿನಲ್ಲಿ ಎಡದ್ದು ನಿಂತು ಬಲದ್ದು ನಡೆಯುತ್ತಲೇ ಇದ್ದರೆ ಗಾಡಿ ಎಡಕ್ಕೇ ತಿರುಗುತ್ತದಲ್ಲ, ಹಾಗೆ. ಹೇಳಿದ ಮಾತು ಕೇಳಿ ನಿಂತದ್ದು ಎಡ ಚಕ್ರ, ಮೈಗಳ್ಳ ಬಲದ್ದು. ದೂರು ಮಾತ್ರ ಕೆಲಸ ಮಾಡಿದವನ ಮೇಲೆ. ಕಚೇರಿಯಲ್ಲಿ ದುಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಹಳೆಯ ಅಂಬಾಸಿಡರಿಗೆ ನಾಲ್ಕೂ ಕಡೆ ಡ್ರಮ್ ಬ್ರೇಕು. ಜಾಕ್ ಕೊಟ್ಟು ಒಂದೊಂದನ್ನೂ ತಿರುಗಿಸಿ ಅಡ್ಜಸ್ಟ್ ಮಾಡಬೇಕಿತ್ತು. ಮುಂದಿನ ಒಂದು ಚಕ್ರ ಹೆಚ್ಚು ಬಿಗಿಯಾದರೂ ಬ್ರೇಕ್ ಹಾಕಿದೊಡನೆ ಕಾರು ಚಾಲಕನನ್ನು ಕೇಳದೆ ಪಕ್ಕಕ್ಕೆ ಹೊರಡುತ್ತಿತ್ತು. ಡಿಸ್ಕ್ ಬಂದ ಮೇಲೆ ಆ ರಗಳೆ ತಪ್ಪಿತು, ಬೇರೆಯವು ಸೇರಿಕೊಂಡವು. ಕ್ಯಾಲಿಪರಿನ ಪಿಸ್ಟನ್ ತುಕ್ಕು ಹಿಡಿದು ಜಾಮ್ ಆಗುತ್ತದೆ. ಕ್ಯಾಲಿಪರ್ ಜಾರಾಡುವ ಪಿನ್ನುಗಳಲ್ಲಿ ಗ್ರೀಸ್ ಒಣಗುತ್ತದೆ. ಪ್ಯಾಡಿಗೆ ಎಣ್ಣೆ ತಗಲುತ್ತದೆ. ಬ್ರೇಕ್ ಆಯಿಲಿಗೋ ಗಾಳಿಯ ತೇವ ಹೀರುವ ಚಾಳಿ. ಸಾಮಾನ್ಯವಾಗಿ 2 ವರ್ಷಕ್ಕೊಮ್ಮೆ ಬದಲಿಸಿ ಎನ್ನುವುದು ಅದಕ್ಕೇ.

ಎಲ್ಲರಿಗಿಂತ ಕಿಲಾಡಿ ರಬ್ಬರ್ ಹೋಸು. ಹೊರಗೆ ನೋಡಲು ಸಂಭಾವಿತ, ಒಳಗೆ ಊದಿಕೊಂಡು ದಾರಿ ಮುಚ್ಚಿರುತ್ತದೆ. ತುಳಿದಾಗ ನುಗ್ಗಿದ ಆಯಿಲ್ ಕಾಲು ತೆಗೆದರೂ ವಾಪಸ್ ಬರುವುದಿಲ್ಲ. ಬ್ರೇಕ್ ಹಿಡಿದದ್ದು ಹಿಡಿದೇ ಇರುತ್ತದೆ, ಕಾರು ಸುಮ್ಮನೆ ಓಡುವಾಗಲೂ ಆ ಕಡೆಗೇ ಎಳೆಯುತ್ತದೆ. ಈ ಸಲ ಕಳ್ಳ ಎಳೆದ ಕಡೆಯಲ್ಲೇ! ಸ್ವಲ್ಪ ದೂರ ಓಡಿಸಿ, ಆದಷ್ಟೂ ಬ್ರೇಕ್ ಹಾಕದೆ ನಿಲ್ಲಿಸಿ, ಚಕ್ರಗಳ ಬಳಿ ಅಂಗೈ ಹಿಡಿಯಿರಿ. ಒಂದು ಕಡೆ ಮಾತ್ರ ಕಾವು ಹೊಡೆದರೆ ಸಿಕ್ಕಿಬಿದ್ದ. ಮುಟ್ಟಿ ಖಾತ್ರಿ ಮಾಡಿಕೊಳ್ಳಲು ಹೋಗಬೇಡಿ, ಅಂಗೈ ನಿಮ್ಮದೇ.

ನಮ್ಮ ಕಾರಿನಲ್ಲಿ ಜಾಮ್ ಆಗಿದ್ದದ್ದು ಬಲಗಡೆಯ ಪಿನ್ನು. ಅದನ್ನು ಸರಿಮಾಡಿ, ಎರಡೂ ಕಡೆಗೆ ಹೊಸ ಪ್ಯಾಡ್ ಹಾಕಬೇಕೆಂದ.

‘ಎಡಗಡೇದು ಚೆನ್ನಾಗೇ ಇದೆಯಲ್ಲಪ್ಪ?’

‘ಒಂದೇ ಕಡೆ ಹಾಕಿದ್ರೆ ಮತ್ತೆ ಎಳೆಯುತ್ತೆ ಸಾರ್. ಆಗ ಯಾವ ಕಡೆ ಬಿಚ್ಚಬೇಕು ಅಂತ ನೀವೇ ನಂಗೆ ಹೇಳ್ಕೊಡ್ತೀರಿ.’