ಅಡ್ಡಗೆರೆ ಕಿತ್ತರೆ ಅಂತರಿಕ್ಷ

ಭವಿಷ್ಯ ತಿಳಿಯಲು ಜ್ಯೋತಿಷಿಗೆ ದಕ್ಷಿಣೆ ಕೊಡಬೇಕಿಲ್ಲ. ಅಕ್ಷರ ವಿನ್ಯಾಸಕರು ಅದನ್ನು ಎಂದೋ ತೀರ್ಮಾನಿಸಿದ್ದಾರೆ: ಭವಿಷ್ಯ ಚೌಕಾಕಾರ, ಮೂಲೆ ಮಾತ್ರ ಕೊಂಚ ದುಂಡು. ಒಂದೇ ತೊಂದರೆಯೆಂದರೆ, ಈ ಭವಿಷ್ಯಕ್ಕೆ ಎಪ್ಪತ್ತು ದಾಟಿದೆ.

ಇಟಲಿಯ ಟ್ಯೂರಿನ್‌ನಲ್ಲಿದ್ದ ನೆಬಿಯೊಲೊ ಅಚ್ಚುಮೊಳೆ ಕಾರ್ಖಾನೆಯಿಂದ 1952ರಲ್ಲಿ ಮೈಕ್ರೊಗ್ರಾಮಾ ಎಂಬ ಅಕ್ಷರವಿನ್ಯಾಸ ಬಂತು. ಹತ್ತು ವರ್ಷದ ಮೇಲೆ ವಿನ್ಯಾಸಕ ಆಲ್ಡೊ ನೊವಾರೆಸೆ ಅದಕ್ಕೆ ಸಣ್ಣಕ್ಷರ ಸೇರಿಸಿ ಯೂರೊಸ್ಟೈಲ್ ಮಾಡಿದರು. ಅದರ ‘ಓ’ ಥೇಟ್ ಆ ಕಾಲದ ಟಿ.ವಿ. ಪರದೆ. 1968ರಲ್ಲಿ ನಿರ್ದೇಶಕ ಕುಬ್ರಿಕ್ ‘2001: ಎ ಸ್ಪೇಸ್ ಒಡಿಸ್ಸಿ’ ಸಿನಿಮಾದಲ್ಲಿ ಅದನ್ನು ಬಳಸಿದ್ದೇ ತಡ, ಈ ಅಕ್ಷರವಿಲ್ಲದೆ ಗಗನನೌಕೆ ನೆಲ ಬಿಡುವುದೇ ಇಲ್ಲ ಎಂಬಂತಾಯಿತು.

ಈ ಭವಿಷ್ಯದ ಇನ್ನೊಂದು ಮುಖಕ್ಕೆ ನಿಮ್ಮ ಚೆಕ್ಕಿನ ತಳದ ಬಿಳಿ ಪಟ್ಟಿ ನೋಡಿ. ಅಲ್ಲಿನ ಅಂಕಿಗಳಿಗೆ ಎಲ್ಲೆಂದರಲ್ಲಿ ಬಾವು. ಇ-13ಬಿ ಎಂಬ ಈ ಅಂಕಿಗಳು 1950ರ ದಶಕದಲ್ಲಿ ಅಮೆರಿಕದ ಬ್ಯಾಂಕುಗಳಿಗಾಗಿ ಹುಟ್ಟಿದವು. ಯಂತ್ರಕ್ಕೆ ಕಣ್ಣಿರಲಿಲ್ಲ, ಕಾಂತೀಯ ಶಾಯಿ ಎಲ್ಲಿ ದಪ್ಪ, ಎಲ್ಲಿ ತೆಳು ಎಂದು ತಡವಿಯೇ ಗುರುತು ಹಿಡಿಯಬೇಕಿತ್ತು. ಇದ್ದದ್ದು ಹತ್ತು ಅಂಕಿ, ನಾಲ್ಕು ಚಿಹ್ನೆ. ಲೆಟ್ರಾಸೆಟ್ ಕಂಪನಿ 1970ರಲ್ಲಿ ‘ಡೇಟಾ 70’ ತಂದು, ಆ ಬಾವನ್ನು ಎ-ಯಿಂದ ಝಡ್‌ವರೆಗೂ ಹಬ್ಬಿಸಿತು. ಯಂತ್ರದ ಅಸಹಾಯಕತೆ ಮನುಷ್ಯನ ಫ್ಯಾಷನ್ ಆಯಿತು.

ಡಚ್ ವಿನ್ಯಾಸಕ ವಿಮ್ ಕ್ರೌವೆಲ್ ಇನ್ನೂ ಮುಂದೆ ಹೋದರು. ಆಗಿನ ಕ್ಯಾಥೋಡ್ ಕಿರಣದ ಅಕ್ಷರಜೋಡಣೆ ಯಂತ್ರಕ್ಕೆ ದುಂಡು ಗೆರೆ ನೆಟ್ಟಗೆ ಬರುವುದಿಲ್ಲವೆಂದು 1967ರ ‘ನ್ಯೂ ಆಲ್ಫಾಬೆಟ್‌’ನಿಂದ ದುಂಡನ್ನೇ ಗಡೀಪಾರು ಮಾಡಿದರು. ಓದುವುದು ಕಷ್ಟವಾಯಿತು. ಅದು ಬಳಕೆಗಲ್ಲ, ಪ್ರಯೋಗಕ್ಕೆ ಎಂದು ಅವರೇ ಹೇಳಿದರು. ಇಂದಿನ ಅನುಯಾಯಿಗಳು ಅದರಲ್ಲಿ ಹೋಟೆಲಿನ ಮೆನು ಅಚ್ಚು ಹಾಕಿಸುತ್ತಾರೆ.

ನಾಸಾ 1975ರಲ್ಲಿ ತನ್ನ ಲಾಂಛನದ ಎರಡೂ ‘ಎ’ಗಳ ಅಡ್ಡಗೆರೆ ತೆಗೆಸಿತು. ಗೆರೆ ಕಾಣುತ್ತಿಲ್ಲವಲ್ಲ, ಕೊಟ್ಟ ದುಡ್ಡಿಗೆ ಮಾಲು ಪೂರ್ತಿ ಬಂದಿಲ್ಲ ಎಂದು ಮುಖ್ಯಸ್ಥ ಜೇಮ್ಸ್ ಫ್ಲೆಚರ್ ತಕರಾರು ತೆಗೆದರಂತೆ. ಜನ ಅದನ್ನು ‘ಹುಳು’ ಎಂದರು. 1992ರಲ್ಲಿ ಹುಳುವಿಗೆ ನಿವೃತ್ತಿ. 2020ರಲ್ಲಿ ರಾಕೆಟ್ಟಿನ ಮೈಮೇಲೆ ಮರುನೇಮಕ. ಹೊಸ ಭವಿಷ್ಯ ಸಿಗದಿದ್ದರೆ ಹಳೆಯದನ್ನೇ ಕರೆಸಿಕೊಳ್ಳುವುದು ಸರ್ಕಾರಿ ರೂಢಿ ತಾನೇ.

ನಮ್ಮ ಸಿನಿಮಾ ಪೋಸ್ಟರು, ಅಂಗಡಿ ಬೋರ್ಡುಗಳಿಗೂ ಈ ಗಾಳಿ ತಗುಲಿದೆ. ಇಂಗ್ಲಿಷಿನ ‘ಎ’ ಗೆರೆ ಕಳೆದುಕೊಂಡರೂ ಹೇಗೋ ‘ಎ’ ಆಗಿ ಬದುಕೀತು. ನಮ್ಮ ‘ಷ’ದ ಹೊಟ್ಟೆಯ ಗೆರೆ ಕಿತ್ತರೆ ಉಳಿಯುವುದು ‘ಪ’. ಆಗ ಕನ್ನಡಿಗರಿಗೆ ಸಿಗುವುದು ‘ಭವಿಪ್ಯ’. ಚೌಕಕ್ಕೆ ಒಗ್ಗದ ಒತ್ತಕ್ಷರವನ್ನು ಮೂಲೆಗೆ ತುರುಕಿದರಂತೂ ಸಿನಿಮಾದ ಹೆಸರು ಹೇಳಲು ನಿರ್ಮಾಪಕರೇ ಪತ್ರಿಕಾಗೋಷ್ಠಿ ಕರೆಯಬೇಕು.

ದೊಡ್ಡದಾಗಿ ಬರೆಯುವ ಒಂದೆರಡು ಪದಕ್ಕೆ ಈ ವೇಷ ಚೆನ್ನ. ಅದಕ್ಕೆಂದೇ ಇದನ್ನು ಮಾಡಿದ್ದು. ಬೆಲೆಪಟ್ಟಿ, ವಿಳಾಸ, ಫೋನ್ ನಂಬರಿಗೂ ಇದನ್ನೇ ತೊಡಿಸಿದರೆ ಗಿರಾಕಿ ಪಕ್ಕದ ಅಂಗಡಿಗೆ ಹೋಗುತ್ತಾನೆ. ಈಗ ಜೇಬಿನ ಫೋನೇ ಬಗೆಬಗೆಯ ಅಕ್ಷರ ಓದುತ್ತದೆ. ಯಂತ್ರಕ್ಕೆ ತೋರಿಸಿದ ದಯೆ ಸಾಕು. ಅದರಲ್ಲಿ ಸ್ವಲ್ಪ ಓದುಗರ ಕಡೆಗೂ ತಿರುಗಲಿ.