ದೋಣಿಗೊಂದು ಜಮಖಾನ

ಮಿನ್ನೆಸೋಟದ ಕಾರುಗಳ ನಂಬರ್ ಪ್ಲೇಟಿನ ಮೇಲೆ ಹತ್ತು ಸಾವಿರ ಕೆರೆಗಳು ಎಂದು ಅಚ್ಚು ಹಾಕಿರುತ್ತಾರೆ. ಅದು ಸರ್ಕಾರದ ವಿನಯ. ಹತ್ತು ಎಕರೆಗಿಂತ ಚಿಕ್ಕವನ್ನು ಲೆಕ್ಕಕ್ಕೇ ಹಿಡಿಯದಿದ್ದರೂ 11,842 ಇವೆ. ಇಷ್ಟು ನೀರಿರುವ ರಾಜ್ಯದಲ್ಲಿ ದೋಣಿ ಇಲ್ಲದ ಗಂಡಸನ್ನು ಅಕ್ಕಪಕ್ಕದವರು ಮರುಕದಿಂದ ನೋಡುತ್ತಾರೆ. ಆ ಮರುಕ ತಾಳಲಾರದೆ ಒಂದು ಹಳೇ ಅಲ್ಯುಮಿನಿಯಂ ದೋಣಿ ಕೊಂಡೆ. ಹುಟ್ಟಿದ್ದು ಗಂಗೊಳ್ಳಿಯಲ್ಲಿ, ಬೆಳೆದದ್ದು ಬಂದರಿನ ವಾಸನೆಯಲ್ಲಿ, ದೋಣಿಯ ವಿಷಯದಲ್ಲಿ ಈ ಊರಿನವರು ನನಗೇನು ಹೇಳಿಕೊಟ್ಟಾರು ಎಂಬ ಗತ್ತು ಬೇರೆ. ಟ್ರೇಲರು ಮನೆ ಮುಂದೆ ನಿಂತ ಸಂಜೆಯೇ ಬೀದಿಯ ಗಂಡಸರೆಲ್ಲ ಬಂದು ಸುತ್ತ ನಿಂತರು. ಎಂಜಿನ್ ನೋಡಲಿಲ್ಲ, ಬೆಲೆ ಕೇಳಲಿಲ್ಲ. ಒಳಗೆ ಬಗ್ಗಿ ನೋಡಿ ಒಂದೇ ಪ್ರಶ್ನೆ ಕೇಳಿದರು: ನೆಲಕ್ಕೆ ಈ ಕಾರ್ಪೆಟ್ಟನ್ನೇ ಉಳಿಸಿಕೊಳ್ಳುತ್ತೀಯೋ, ಕಿತ್ತು ಕಾಲು ಜಾರದ ನಾನ್-ಸ್ಕಿಡ್ ಬಣ್ಣ ಬಳಿಯುತ್ತೀಯೋ?

ಈ ಪ್ರಶ್ನೆಗೆ ಸಣ್ಣದೊಂದು ಚರಿತ್ರೆಯೂ ಇದೆ. 1967ರಲ್ಲಿ ಅರ್ಕಾನ್ಸಾದ ಬೀವರ್ ಲೇಕಿನಲ್ಲಿ ರೇ ಸ್ಕಾಟ್ ಎಂಬಾತ ಬಾಸ್ ಮೀನು ಹಿಡಿಯುವ ಪಂದ್ಯ ಏರ್ಪಡಿಸಿದ. ಮರುವರ್ಷ ಅದೇ ರಾಜ್ಯದ ಫ್ಲಿಪಿನ್ ಎಂಬ ಪುಟ್ಟ ಊರಿನಲ್ಲಿ ಫಾರೆಸ್ಟ್ ವುಡ್ ರೇಂಜರ್ ದೋಣಿಗಳನ್ನು ಕಟ್ಟತೊಡಗಿದ. ಪಂದ್ಯವೆಂದ ಮೇಲೆ ದಿನವಿಡೀ ನಿಂತೇ ಗಾಳ ಬೀಸಬೇಕು. ನಿಲ್ಲಲು ಅಗಲದ ಡೆಕ್ ಬೇಕು. ಡೆಕ್ ಬಂತು, ಅದರ ಮೇಲೆ ಕಾರ್ಪೆಟ್ಟೂ ಬಂತು. ಸಮುದ್ರಕ್ಕೆ ಹೋಗುವ ಅಮೆರಿಕನ್ನರು ಮಾತ್ರ ಫೈಬರ್ ನೆಲದಲ್ಲೇ ತರಿತರಿ ಅಚ್ಚು ಒತ್ತಿಸಿಕೊಂಡು, ಮೀನಿನ ರಕ್ತವನ್ನು ಪೈಪಿನಲ್ಲಿ ತೊಳೆದು ಸುಮ್ಮನಿದ್ದರು. ಕೆರೆಯವರ ಜಗಳ ಇನ್ನೂ ಮುಗಿದಿಲ್ಲ.

ಎಡಮನೆಯ ನಿವೃತ್ತರು ಕಾರ್ಪೆಟ್ ಪಕ್ಷ. ಮೇ ತಿಂಗಳ ಚಳಿಯಲ್ಲಿ ಬರೀ ಅಲ್ಯುಮಿನಿಯಂ ಮೇಲೆ ಅರ್ಧ ಗಂಟೆ ನಿಂತು ನೋಡು, ಕಾಲು ನಿನ್ನದೋ ಪರರದೋ ತಿಳಿಯುವುದಿಲ್ಲ ಎಂದರು. ಒಂದು ಇಕ್ಕಳ ಕೈಜಾರಿ ಬಿದ್ದರೆ ಆ ಸದ್ದು ಗಾಳಿಗಿಂತ ನೀರಿನಲ್ಲಿ ನಾಲ್ಕು ಪಟ್ಟು ಬೇಗ ಓಡುತ್ತದೆ, ಮೀನಿಗೆ ಪಕ್ಕೆಯುದ್ದಕ್ಕೂ ಕಂಪನ ಹಿಡಿಯುವ ಅಂಗವೇ ಇದೆ ಎಂದು ಹೆದರಿಸಿದರು. ಬಲಮನೆಯವನು ನಾನ್-ಸ್ಕಿಡ್ ಪಕ್ಷ. ಬಣ್ಣಕ್ಕೆ ಮರಳೋ, ರಬ್ಬರ್ ಪುಡಿಯೋ, ಅರೆದ ಅಕ್ರೋಟಿನ ಚಿಪ್ಪೋ ಬೆರೆಸಿ ಬಳಿ. ಕಾರ್ಪೆಟ್ ತಾನು ಕೊಳೆಯುವುದಿಲ್ಲ, ಅದು ಪ್ಲಾಸ್ಟಿಕ್ಕು. ನೀರು ಹಿಡಿದಿಟ್ಟು ಕೆಳಗಿನ ಪ್ಲೈವುಡ್ಡನ್ನು ಕೊಳೆಸುತ್ತದೆ ಎಂದ. ಹಾಗೆನ್ನುತ್ತಲೇ ತನ್ನ ಮೊಣಕಾಲಿನ ತರಚು ಗಾಯ ಮರೆಮಾಡಿದ. ನಾನ್-ಸ್ಕಿಡ್ಡಿನವರನ್ನು ಮೊಣಕಾಲು ನೋಡಿಯೇ ಗುರುತಿಸಬಹುದು.

ನಮ್ಮ ಮನೆಯಲ್ಲಿ ಇತ್ಯರ್ಥ ಬೇರೆ ದಾರಿ ಹಿಡಿಯಿತು. ಹೆಂಡತಿ ಒಮ್ಮೆ ಇಣುಕಿ, ಕಾರ್ಪೆಟ್ ಕಂಡವಳೇ "ಚಪ್ಪಲಿ ಬಿಚ್ಚಿ ಹತ್ತಿ" ಎಂದಳು. ಅಂದಿನಿಂದ ನಮ್ಮದು ಇಡೀ ಕೆರೆಯಲ್ಲೇ ಚಪ್ಪಲಿ ಬಿಚ್ಚಿ ಹತ್ತುವ ಏಕೈಕ ದೋಣಿ. ಕನ್ನಡ ಕೂಟದ ಸ್ನೇಹಿತರು ಬಂದ ಭಾನುವಾರ ಕಟ್ಟೆಯ ಮೇಲೆ ಮದುವೆ ಛತ್ರದ ಬಾಗಿಲಿನಷ್ಟು ಪಾದರಕ್ಷೆ. ಬಂದವರು ಗಾಳ ಮುಟ್ಟುವುದಿಲ್ಲ. "ಪಾಪ, ಮೀನಿಗೆ ನೋವಾಗುವುದಿಲ್ಲವೇ?" ಎಂದು ನನ್ನನ್ನು ಕಟುಕನಂತೆ ನೋಡುತ್ತ ಚಿತ್ರಾನ್ನ ತಿನ್ನುತ್ತಾರೆ, ಫೋಟೊ ತೆಗೆದುಕೊಳ್ಳುತ್ತಾರೆ, ಇಳಿದು ಹೋಗುತ್ತಾರೆ. ಕಾರ್ಪೆಟ್ಟಿನ ಎಳೆಗಳೊಳಗೆ ಇಳಿದ ಒಗ್ಗರಣೆ ಸಾಸಿವೆಯನ್ನು ತೆಗೆಯುವ ಯಂತ್ರವನ್ನು ಅಮೆರಿಕ ಇನ್ನೂ ಕಂಡುಹಿಡಿದಿಲ್ಲ. ಅರಿಸಿನದ ಕಲೆಯ ಮಾತು ಬೇಡ. ಇದರ ಜೊತೆ ಮೀನಿನ ಲೋಳೆ, ಮೇಲೆ ಗಾಳಕ್ಕೆಂದು ತಂದ ಜಿಗಣೆ. ಇಲ್ಲಿಯ ವಾಲೈ ಮೀನಿಗೆ ಜಿಗಣೆ ಎಂದರೆ ಪ್ರಾಣ. ಅಂಗಡಿಯಲ್ಲಿ ಡಜನ್ ಲೆಕ್ಕದಲ್ಲಿ ಮಾರುತ್ತಾರೆ. ತೀರ್ಥಹಳ್ಳಿಯ ಹೆಂಡತಿ ಬಿಲ್ಲು ನೋಡಿ, "ನಮ್ಮ ತೋಟಕ್ಕೆ ಹೋದವರ ಕಾಲಿಗೆ ಇಂಬಳ ಪುಕ್ಕಟೆ ಬರುತ್ತಿತ್ತು" ಎಂದಳು. ಡಬ್ಬಿಯಿಂದ ತಪ್ಪಿಸಿಕೊಂಡದ್ದೊಂದು ಕಾರ್ಪೆಟ್ಟಿನ ಮೂಲೆಯಲ್ಲಿ ಒಣಗಿ ಅಂಟಿ, ಎಷ್ಟೋ ದಿನ ಒಣದ್ರಾಕ್ಷಿಯ ವೇಷದಲ್ಲಿತ್ತು.

ಇಷ್ಟಾದರೂ ಪ್ರಶ್ನೆ ಹಾಗೇ ಇತ್ತು. ಜೂನ್ ಬಂತು, ಸೋದರಮಾವ ಬಂದರು. ಅವರು ಬೋಟು ನಡೆಸುವ ತಾಂಡೇಲರು. ಜೂನ್ 1ರಿಂದ ಜುಲೈ 31ರ ತನಕ 61 ದಿನ ನಮ್ಮ ಕರಾವಳಿಯಲ್ಲಿ ಯಾಂತ್ರಿಕ ಬೋಟುಗಳಿಗೆ ನಿಷೇಧ. ಅಮೆರಿಕ ನೋಡಲು ಅವರಿಗೆ ಸಿಕ್ಕ ರಜೆ ಅದೊಂದೇ. ಲೈಸೆನ್ಸ್ ಮಾಡಿಸಿ ಕೆರೆಗೆ ಕರೆದೊಯ್ದೆ. ದೋಣಿ ನೋಡಿದವರೇ ಕೇಳಿದರು:

"ಎಂತ ಗಂಡೆ, ಬೋಟಿಗೆ ಜಮಖಾನ ಹಾಸಿದ್ಯಲ, ಯಾರದ್ದಾರೂ ಮದಿ ಇತ್ತಾ?"

ನಾನು ಕೇಳದವನಂತೆ ಮುಂದಿನ ಡೆಕ್ಕಿನಲ್ಲಿ ಕಾಲುಚೀಲದಲ್ಲಿ ನಿಂತೆ. ಪಕ್ಕದಲ್ಲಿ ನನ್ನ ಬಣ್ಣದ ಬೊಂಬೆ ಮೀನು ಬಿದ್ದಿತ್ತು. ಅದರ ಹೊಟ್ಟೆಗೊಂದು, ಬಾಲಕ್ಕೊಂದು ಗಾಳ. ಒಂದೊಂದಕ್ಕೂ ಮೂರು ಮೂರು ಮುಳ್ಳು. ಅಷ್ಟರಲ್ಲಿ ಮಾವನ ಕೋಲು ಬಾಗಿತು. "ಬಲೆ ತಾ!" ಎಂದರು. ತಿರುಗಿದೆ. ಹೊಟ್ಟೆಯ ಗಾಳ ಕಾರ್ಪೆಟ್ಟನ್ನು ಕಚ್ಚಿಕೊಂಡಿತ್ತು. ಬಾಲದ್ದು ನನ್ನ ಕಾಲುಚೀಲವನ್ನು ಹಿಡಿಯಿತು. ಬಿಡಿಸಲು ಬಗ್ಗಿದೆ. ಬಗ್ಗಿದಾಗ ಮಿಕ್ಕ ಮುಳ್ಳೊಂದು ಅಂಗಿಯ ತೋಳನ್ನು ಹಿಡಿಯಿತು. ತೋಳು ಎಳೆದರೆ ಕಾಲು ಬರುತ್ತದೆ, ಕಾಲು ಎಳೆದರೆ ಕಾರ್ಪೆಟ್ ಬರುತ್ತದೆ, ಕಾರ್ಪೆಟ್ ಬಂದರೆ ದೋಣಿಯೇ ಬರಬೇಕು. ಮುಳ್ಳಿಗೆ ಹಿಮ್ಮುಳ್ಳು ಇಟ್ಟವನು ಇಂಥ ಹೊತ್ತನ್ನು ಮನಸ್ಸಿನಲ್ಲಿಟ್ಟುಕೊಂಡೇ ಇಟ್ಟಿರಬೇಕು. ಬಡಗುತಿಟ್ಟಿನ ಹಾಸ್ಯಗಾರ ಮಂಡಿ ಕುಣಿತದ ನಡುವೆ, ಭಾಗವತರು ಪದ ಮರೆತುಬಿಟ್ಟರೆ ಹೇಗೆ ನಿಂತಾನೋ ಹಾಗೆ ನಿಂತೆ: ಒಂದು ಮಂಡಿ ಊರಿ, ಬಲಗೈ ಎಡಪಾದದ ಮೇಲೆ, ಮುಖದಲ್ಲಿ ಆದಷ್ಟು ಗಾಂಭೀರ್ಯ. ಉಳಿದ ಎಡಗೈಯನ್ನು ಬಲೆಯ ಕಡೆ ಚಾಚಿದೆ. ಬಲೆ ಒಂದು ಗೇಣು ಆಚೆ. ಗೇಣನ್ನು ದಾಟಲು ಸೊಂಟ ತಿರುಗಿಸಿದೆ. ಪ್ಯಾಂಟು ನಾಲ್ಕನೆಯ ಮುಳ್ಳಿಗೆ ಸಿಕ್ಕಿತು.

ಮಾವ ನನ್ನನ್ನು ನೋಡಿದರು, ಮೀನನ್ನು ನೋಡಿದರು. ಬಲೆಯ ಆಸೆ ಬಿಟ್ಟು ದಾರ ಹಿಡಿದು ವಾಲೈಯನ್ನು ಎತ್ತಿ ನೇರ ಕಾರ್ಪೆಟ್ ಮೇಲೆ ಹಾಕಿದರು. ಅದು ಹೊರಳಿ ಹೊರಳಿ ನನ್ನ ಮೂಗಿನ ತನಕ ಬಂತು. ಇಬ್ಬರೂ ಒಂದೇ ನೆಲಕ್ಕೆ ಅಂಟಿ ಪರಸ್ಪರ ನೋಡಿಕೊಂಡೆವು. ಮಸುಕು ಗಾಜಿನಂಥ ಆ ಕಣ್ಣಿನಲ್ಲಿ ನನ್ನ ಬಗ್ಗೆ ಒಳ್ಳೆಯ ಅಭಿಪ್ರಾಯವಿರಲಿಲ್ಲ.

"ನೀ ಮೀನ್ ಹಿಡುಕೆ ಬಂದದ್ದಾ, ನಿನ್ನ ಹಿಡುಕೆ ಮೀನ್ ಬಂದದ್ದಾ?" ಎನ್ನುತ್ತ ಮಾವ ಚೂರಿ ತೆಗೆದರು. ಅಂಗೈ ಅಗಲದ ಕಾರ್ಪೆಟ್ ಕೊಯ್ದು ನನ್ನನ್ನು ದೋಣಿಯಿಂದ ಬೇರ್ಪಡಿಸಿದರು. ಆ ತುಂಡು, ಬೊಂಬೆ ಮೀನು, ತೋಳು, ಪಾದ ಎಲ್ಲ ಒಂದೇ ಗಂಟಾಗಿ ಕಟ್ಟೆಯ ಮೇಲೆ ಕುಂಟಿದೆ. ಎದುರಿಗೆ ಸಿಕ್ಕ ಎಡಮನೆಯವರು ಕಾರಣ ಕೇಳಲಿಲ್ಲ. ದೋಣಿಪೂಜೆಗೆ ನಾವು ಚಿಪ್ಪು ಬಾಳೆಹಣ್ಣು ಇಟ್ಟದ್ದನ್ನು ಅವರು ಕಣ್ಣಾರೆ ಕಂಡಿದ್ದರು, ಇಲ್ಲಿಯ ಮೀನುಗಾರರಿಗೆ ದೋಣಿಯಲ್ಲಿ ಬಾಳೆಹಣ್ಣು ಎಂದರೆ ಮಹಾ ಅಪಶಕುನ.

ಮನೆಗೆ ಬರುವ ದಾರಿಯಲ್ಲಿ ಮಾವನನ್ನೇ ಕೇಳಿಬಿಟ್ಟೆ, ಕಾರ್ಪೆಟ್ಟೋ ನಾನ್-ಸ್ಕಿಡ್ಡೋ ಎಂದು. ಅವರು ನಗಲಿಲ್ಲ. ಬಲೆ ಎಳೆಯುವ ಹೊತ್ತಿನ ಡೆಕ್ ಹೇಗಿರುತ್ತದೆ ಎಂದು ಹೇಳತೊಡಗಿದರು: ಐಸು ಕರಗಿದ ನೀರು, ಬಂಗುಡೆಯ ಲೋಳೆ, ಎಂಜಿನ್ನಿನ ಎಣ್ಣೆ, ಕತ್ತಲೆ. ಅವರ ಬೋಟಿನಲ್ಲಿ ಹೊಸದಾಗಿ ಸೇರಿದ್ದ ಹುಡುಗನೊಬ್ಬ ಹಾಗೇ ಹೋದ. ಕೂಗಿದ್ದೂ ಕೇಳಿಸಲಿಲ್ಲವಂತೆ, ಎಂಜಿನ್ ಸದ್ದಿಗೆ. ಊರಿನ ಪತ್ರಿಕೆಗಳಲ್ಲಿ ಒಂದು ಕಾಲಂ, ನಾಲ್ಕು ಸಾಲಿನ ಸುದ್ದಿ ಬರುತ್ತದಲ್ಲ, ಮೀನುಗಾರಿಕೆ ವೇಳೆ ಆಕಸ್ಮಿಕವಾಗಿ ಕಾಲುಜಾರಿ ಸಮುದ್ರಕ್ಕೆ ಬಿದ್ದು ಎಂದು, ಬಾಲ್ಯದಿಂದ ಓದುತ್ತಿದ್ದೇನೆ. ಯಾವ ನೆಲದ ಮೇಲೆ ಕಾಲು ಜಾರಿತು ಎಂದು ಒಮ್ಮೆಯೂ ಯೋಚಿಸಿದವನಲ್ಲ. ಮಾವ ಇಷ್ಟೇ ಅಂದರು: "ಮೊದ್ಲ್ ಕಾಲ್ ನಿಲ್ಕ್. ಮೀನ್ ಆಮೇಲೆ."

ಮರುದಿನವೇ ಕಾರ್ಪೆಟ್ ಕಿತ್ತೆವು. ಕಾರ್ಪೆಟ್ ಸುಲಭವಾಗಿ ಬಂತು, ಅದರ ಅಂಟು ಬರಲಿಲ್ಲ. ಹೆರೆದು ಹೆರೆದು ಹೆಬ್ಬೆರಳು ಸೋತವು. ಕೆಳಗಿನ ಪ್ಲೈವುಡ್ಡಿಗೆ ಬೆರಳು ಒತ್ತಿದರೆ ಒಳಗೇ ಹೋಯಿತು. ಬಲಮನೆಯವನನ್ನು ಕರೆದು ತೋರಿಸಲಿಲ್ಲ, ಅವನೇ ಬಂದು ನೋಡಿದ. ಹೊಸ ಹಲಗೆಗೆ ಹೋದರೆ ಅಂಗಡಿಯವನು ಗೆದ್ದಲು ಹಿಡಿಯದ, ಔಷಧಿ ಉಣಿಸಿದ ಹಲಗೆ ಕೊಡಲು ಬಂದ. ಅದರಲ್ಲಿರುವ ತಾಮ್ರ ಒದ್ದೆಯಾದಾಗ ಅಲ್ಯುಮಿನಿಯಂ ದೋಣಿಯನ್ನೇ ತೂತು ಮಾಡುತ್ತದೆ ಎಂದು ಹೇಳಿ, ಸಾದಾ ಹಲಗೆ ತಂದು, ಎಪಾಕ್ಸಿ ಕುಡಿಸಿ, ಮರಳಿನ ಬಣ್ಣ ಬಳಿದೆವು. ಈಗ ಹೆಂಡತಿ "ಚಪ್ಪಲಿ ಹಾಕಿಕೊಂಡೇ ಹತ್ತಿ" ಎನ್ನುತ್ತಾಳೆ. ತನ್ನ ಕುರ್ಚಿಯ ಕೆಳಗೆ ಮಾತ್ರ ಒಂದು ತುಂಡು ಕಾರ್ಪೆಟ್ ಉಳಿಸಿಕೊಂಡಿದ್ದಾಳೆ. ಹೀಗಾಗಿ ಎಡಮನೆ ಬಲಮನೆ ಎರಡೂ ಕಡೆಯವರು ನನ್ನನ್ನು ಪಕ್ಷಾಂತರಿ ಎಂದೇ ಬಗೆದಿದ್ದಾರೆ.

ಆಗಸ್ಟಿನಲ್ಲಿ ಮಾವನ ಫೋನು ಬಂತು. ಹಿಂದಿನ ಡೆಕ್ಕಿಗೆ ತಾವೂ ಬಳಿಸುತ್ತಾರಂತೆ. ಬಣ್ಣಕ್ಕೆ ಮರಳು ಎಷ್ಟು ಬೆರೆಸುವುದು ಎಂದು ಕೇಳಿದರು. ಅದು ಡಬ್ಬಿಯಲ್ಲಿ ಬೆರೆತೇ ಬರುತ್ತದೆ, ಬೇಕಾದರೆ ಮರಳನ್ನು ಬೇರೆ ಪೊಟ್ಟಣದಲ್ಲೂ ಮಾರುತ್ತಾರೆ ಎಂದು ಬೆಲೆ ಹೇಳಿದೆ. ಗಂಗೊಳ್ಳಿಯ ಕಡಲತೀರದ ಮಾಲೀಕರು ಸ್ವಲ್ಪ ಹೊತ್ತು ಮಾತಾಡಲಿಲ್ಲ.

"ಇಂಬಳಕ್ಕೆ ದುಡ್ಡ್, ಹೊಯ್ಗಿಗೆ ದುಡ್ಡ್. ನೀರಿಗೆ ಎಷ್ಟ್ ಕೊಡ್ತಿ ಗಂಡೆ?"

ಗಾಳದ ಲೈಸೆನ್ಸು, ದೋಣಿಯ ರಿಜಿಸ್ಟ್ರೇಶನ್ನು, ಸ್ಟೇಟ್ ಪಾರ್ಕಿಗೆ ಕಾರು ಒಯ್ಯುವ ಪರವಾನಗಿ ಎಲ್ಲ ಕೂಡಿಸಿದರೆ ಅದಕ್ಕೂ ಲೆಕ್ಕವಿದೆ. ಅಂತಾರಾಷ್ಟ್ರೀಯ ಕರೆಯಾದ್ದರಿಂದ ಹೇಳಲು ಹೋಗಲಿಲ್ಲ.